ಎರಡು ಪಾತ್ರೆ ಗಂಜಿ

ನನ್ನ ಹೆಂಡತಿ ರಾಮಾಯಿ, ತಾಯಿ ಚೌಡೇಶ್ವರಿಯ ಪಾದ ಸೇರಿ ಇಂದಿಗೆ ನಲವತ್ತೊಂದು ದಿನ. ಅವಳ ಪಟದ ಮುಂದೆ ದೀಪ ಹಚ್ಚುವಾಗ ನಾಲ್ಕು ವರ್ಷದ ಹಿಂದಿನ, ಸಾವಿರದ ಒಂಬೈನೂರ ಎಂಬತ್ತಮೂರರ, ಸಂಕ್ರಾಂತಿ ಬರುವ ತೈ ತಿಂಗಳ ಒಂದು ಬೆಳಗು ನೆನಪಿಗೆ ಬಂತು.

ನಾವು ಕೊಯಮತ್ತೂರಿನ ಹತ್ತಿರದ ಅವಿನಾಶಿ ಊರಿನ ನೇಕಾರರ ಬೀದಿಯವರು. ರಾಮಾಯಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಬಲಗೈ ಏಳದು, ಮಾತಿಲ್ಲ. ಆ ವಾರ ಬಾಯಿಗೆ ಇಟ್ಟದ್ದನ್ನೆಲ್ಲ ಉಗುಳತೊಡಗಿದಳು. ನಾಳೆಯೊಳಗೆ ತಾನಾಗಿ ನುಂಗದಿದ್ದರೆ ಕೊಯಮತ್ತೂರಿಗೆ ಒಯ್ದು ಮೂಗಿಗೆ ಕೊಳವೆ ಹಾಕಿಸಬೇಕು ಎಂದರು ವೈದ್ಯರು. ಅದನ್ನು ಕೇಳಿ ಅವಳ ಕಣ್ಣಲ್ಲಿ ನೀರಿಳಿಯಿತು.

ಅವಳನ್ನು ನೋಡಿಕೊಳ್ಳುತ್ತಿದ್ದವರು ನಾನು ಮತ್ತು ಸೊಸೆ ಪೆರಿಯನಾಯಕಿ. ಇಬ್ಬರಿಗೂ ಸರಿಯಾದ ನಿದ್ದೆಯಿಲ್ಲ. ಆದರೂ ಸೊಸೆಯ ನಾಲಗೆ ಚುರುಕು; ನಮ್ಮ ಕಡೆಯ ಮರ್ಯಾದೆಯ 'ಉಂಗ' ಸೇರಿಸಿಯೇ ಕಾಲೆಳೆಯುತ್ತಿದ್ದಳು.

"ಮಾವ, ನೀವು ಹೆಣೆದ ಜಡೆ ನೋಡಿದ್ರೆ ಅತ್ತೆ ಎದ್ದು ಹೊಡೀತಾರುಂಗ."

"ಹೊಡೀಲಿ ಅಮ್ಮಣಿ. ಅದಕ್ಕೇ ಹಂಗೆ ಹೆಣೆದೆ."

ವೈದ್ಯರು ಹೇಳಿದ್ದರ ಮರುದಿನ ಬೆಳಿಗ್ಗೆ ಬೀದಿಯುದ್ದಕ್ಕೂ, ಮಗ್ಗಕ್ಕೆ ಏರಿಸುವ ಹಾಸಿನ ನೂಲು ಎಳೆದು ಕಟ್ಟಿದ್ದೆ. ನೂಲು ಗಟ್ಟಿಯಾಗಲು ಅಕ್ಕಿಗಂಜಿಗೆ ಎಣ್ಣೆ ಬೆರೆಸಿ ಕುಂಚದಿಂದ ಬಳಿಯಬೇಕು. ನಲವತ್ತು ವರ್ಷ ಆ ಗಂಜಿ ಕಾಯಿಸಿದವಳು ರಾಮಾಯಿ. ನಾಲಗೆಯ ತುದಿಗೆ ಇಟ್ಟು ಹದ ಹೇಳುತ್ತಿದ್ದಳು. ಈಗ ಸೊಸೆ ಕಾಯಿಸಿ, ಒಲೆಯ ಪಕ್ಕ ಎರಡು ಪಾತ್ರೆ ಇಟ್ಟಿದ್ದಳು. ಒಂದು ನೂಲಿಗೆ; ಇನ್ನೊಂದು ಮಜ್ಜಿಗೆ, ಉಪ್ಪು ಹಾಕಿದ್ದು, ರಾಮಾಯಿಗೆ. ನಿದ್ದೆಗಣ್ಣಲ್ಲಿ ನಾನು ಒಂದನ್ನು ಎತ್ತಿಕೊಂಡು ಹೋದೆ.

ನಾಲ್ಕು ಮೊಳ ಬಳಿದಿರಲಿಲ್ಲ, ಪಕ್ಕದ ಮನೆಯ ಆಡು ಬಂದು ನೂಲು ನೆಕ್ಕತೊಡಗಿತು. ಗದರಿದರೂ ಹೋಗದು. ಸಂಶಯ ಬಂದು ಬೆರಳು ಅದ್ದಿ ಬಾಯಿಗಿಟ್ಟೆ. ಉಪ್ಪು! ಮಜ್ಜಿಗೆ!

"ಅಮ್ಮಣೀ, ಕೊಡಬೇಡ! ನಿಲ್ಸು!"

ಕುಂಚ ಹಿಡಿದೇ ಒಳಗೆ ಓಡಿದೆ. ಚಮಚ ಆಗಲೇ ರಾಮಾಯಿಯ ಬಾಯಲ್ಲಿತ್ತು. ಅವಳ ಹುಬ್ಬು ಗಂಟಾಯಿತು. ನಾಲಗೆ ಮೆಲ್ಲನೆ ಆಡಿತು. ಗಂಟಲು ಏರಿತು, ಇಳಿಯಿತು. ನುಂಗಿದಳು! ಮತ್ತೆ ತುಟಿ ಅಲುಗಿತು.

"ಎಣ್ಣೆ... ಸಾಲ್ದು."

ಸೊಸೆಯ ಕೈಯಿಂದ ಚಮಚ ಬಿತ್ತು. "ಮಾವ, ಅತ್ತೆ ಮಾತಾಡಿದ್ರು! ಬಾಯಿ ತೆರೆದದ್ದೇ ನನ್ನ ಬಯ್ಯಕ್ಕೆ, ನೋಡುಂಗ!"

ನಾವಿಬ್ಬರೂ ಅಳುತ್ತಲೇ ನಕ್ಕೆವು. ಹೊರಗೆ ಆಡು ಕೂಗಿತು. ರಾಮಾಯಿ ನನ್ನ ಕೈಯ ಕುಂಚ ನೋಡಿದಳು, ಬಾಗಿಲ ಕಡೆ ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. ತುಟಿಯ ಒಂದು ಪಕ್ಕ ಮಾತ್ರ ನಕ್ಕಿತು. ನನಗೆ ಅಷ್ಟೇ ಸಾಕಾಗಿತ್ತು.

ಸೊಸೆ ಓಡಿಹೋಗಿ ಹೊಸದಾಗಿ ಗಂಜಿ ಕಾಯಿಸಿ, ಮಜ್ಜಿಗೆ ಬೆರೆಸಿ ತಂದಳು. ಅರ್ಧ ಲೋಟ ಒಳಗೆ ಹೋಯಿತು, ಒಂದು ತೊಟ್ಟೂ ಹೊರಗೆ ಬರಲಿಲ್ಲ.

ಸಂಜೆ ವೈದ್ಯರು ತಮ್ಮ ಕಣ್ಣೆದುರಿಗೇ ನಾಲ್ಕು ಚಮಚ ಕುಡಿಸಿ ನೋಡಿ, ಕೊಳವೆ ಬೇಡವೆಂದರು. ಅಷ್ಟಕ್ಕೂ ಬೆಳಿಗ್ಗೆ ಏನು ಕೊಟ್ಟಿರಿ ಎಂದು ಕೇಳಿದರು.

ನಾನು ಸೊಸೆಯ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

"ಗಂಜಿ" ಎಂದೆ.