ಶೆಟ್ಟಿಕೊಪ್ಪದ ಏರು

ಬಸ್ಸು ಮನೆ ಮುಂದಿನ ತಿರುವಿನ ಕೆಳಗೆ ಉಬ್ಬಸಪಡುತ್ತಿದ್ದಂತೆ, ಮಲಗಿದ್ದ ಕಲ್ಲೇಶನ ಎಡಗಾಲು ಮಂಚದ ತುದಿಯ ಹಲಗೆಯನ್ನು ಒತ್ತಿಬಿಟ್ಟಿತು.

"ಮತ್ತೆ ಕ್ಲಚ್ ಒತ್ತಿದ್ರಾ?" ಹೆಂಡತಿ ದಾಕ್ಷಾಯಿಣಿ ಅಡುಗೆಮನೆಯಿಂದಲೇ ಕೇಳಿದಳು.

"ನಾನೆಲ್ಲಿ ಒತ್ತಿದೆ? ಅದೇ ಒತ್ತಿತು ಮಾರಾಯ್ತಿ. ಆ ಬದಲಿ ಡ್ರೈವರ್ ಅವಿನಾಶ ಸೆಕೆಂಡ್ ಗೇರಿಗೆ ಹಾಕೋದು ತಡ ಮಾಡ್ತಾನೆ."

ಹದಿನೆಂಟು ವರ್ಷ ನರಸಿಂಹರಾಜಪುರ–ಶೃಂಗೇರಿ ಬಸ್ಸಿನ ಕ್ಲಚ್ ಒತ್ತಿದ ಕಾಲು. ಮೊಣಕಾಲಿನ ಮೃದ್ವಸ್ಥಿ ಸವೆದು ರೂಪಾಯಿಯಗಲ ಗುಂಡಿ ಬಿದ್ದಿತ್ತು. ಮಂಗಳೂರಿನ ಡಾಕ್ಟರು ಯಂತ್ರದಲ್ಲಿ ಪದರಪದರವಾಗಿ ಮುದ್ರಿಸಿದ ಪುಟ್ಟ ಜಾಲರಿಯೊಂದನ್ನು ಅಲ್ಲಿ ಕೂರಿಸಿದ್ದರು. ಅದರ ತುಂಬ ಅವನದೇ ಜೀವಕೋಶಗಳು. "ಇದು ಬಳ್ಳಿಗೆ ಹಾಕೋ ಚಪ್ಪರ ಅಷ್ಟೇ. ಮೃದ್ವಸ್ಥಿ ನಿಧಾನಕ್ಕೆ ಹಬ್ಬಬೇಕು. ಆರು ವಾರದೊಳಗೆ ಕಾಲಿಗೆ ಭಾರ ಬಿದ್ದರೆ ಕಿತ್ತು ಬರುತ್ತೆ, ಇನ್ನೊಂದು ಸಲ ಮಾಡೋಕಾಗಲ್ಲ" ಎಂದಿದ್ದರು. ಇದಿನ್ನೂ ಎರಡನೇ ವಾರ.

ಬಸ್ಸು ದಿನಕ್ಕೆ ನಾಲ್ಕು ಸಲ ಮನೆ ಮುಂದಿನ ಏರು ಹತ್ತುತ್ತಿತ್ತು. ದಾಕ್ಷಾಯಿಣಿ ಅವನ ಕಿವಿಗೆ ಹತ್ತಿ ತುರುಕಿದಳು. ಕಿಟಕಿಯ ಗಾಜು ನಡುಗಿದ್ದೇ ಕಾಲಿಗೆ ಸಾಕಾಯಿತು. ಮಂಚ ತಿರುಗಿಸಿದಳು; ಕಾಲು ಗೋಡೆಯನ್ನು ಒತ್ತಿತು. ಹಾಳಾದ ಕಾಲು, ಯಾರ ಮಾತೂ ಕೇಳುವುದಿಲ್ಲ ಎಂದು ಕಲ್ಲೇಶನಿಗೆ ರೇಗಿಹೋಯಿತು.

"ಎಲ್ಲಿ ಗೇರ್ ಬದಲಿಸಬೇಕು ಅಂತ ಅವಿನಾಶಂಗೆ ಒಂದು ಫೋನ್ ಮಾಡಿ ಹೇಳಬಾರ್ದಾ?" ಎಂದಳು.

ಅದು ಅವನಿಗೆ ಹೊಳೆಯದ್ದೇನಲ್ಲ. ಆದರೆ ಬಸ್ ಮಾಲೀಕ ಹರಿಹರ ಹೇಳಿದ್ದ: "ಆ ಏರು ಅವನ ಕೈಲಿ ಆಗಲ್ಲ ಬಿಡು. ನೀ ಬರೋವರೆಗೆ ಹೇಗೋ ತಳ್ತೇನೆ." ಆ ಮಾತನ್ನೇ ನೆಚ್ಚಿಕೊಂಡು ಕಲ್ಲೇಶ ಮಲಗಿದ್ದ. ಬದಲಿ ಡ್ರೈವರಿಗೆ ಏರು ಒಲಿದರೆ ಆಮೇಲೆ ಸೀಟು ಯಾರದು?

ಮಧ್ಯಾಹ್ನದ ಟ್ರಿಪ್ಪಿನ ಹೊತ್ತಿಗೆ ಮೊಣಕಾಲಿನೊಳಗೆ ಏನೋ ಚುಳುಕ್ಕೆಂದಿತು. ಜಾಲರಿ ಕಿತ್ತು ಬಂತೇನೋ ಎಂದು ಕಲ್ಲೇಶ ಹೆದರಿದ. ಫೋನನ್ನು ಎರಡು ಸಲ ಎತ್ತಿ ಕೆಳಗಿಟ್ಟು, ಮೂರನೇ ಸಲ ಕರೆ ಮಾಡಿದ.

"ಅವಿನಾಶ, ಮೋರಿ ದಾಟೋ ಮೊದಲೇ ಸೆಕೆಂಡಿಗೆ ಹಾಕು. ತಿರುವಲ್ಲಿ ಕ್ಲಚ್ ಮುಟ್ಟಬೇಡ. ಗಾಡಿ ತನ್ನಷ್ಟಕ್ಕೇ ಹತ್ತುತ್ತೆ."

"ಹೌದಾ ಕಲ್ಲೇಶಣ್ಣ? ಇಷ್ಟು ದಿನ ಹೇಳಲೇ ಇಲ್ಲ ನೀವು."

ಮರುದಿನ ಬೆಳಿಗ್ಗೆ ಕಲ್ಲೇಶ ಎದ್ದು ಕೂತು, ತೊಡೆಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ಕಾದ. ಬಸ್ಸು ಒಂದೇ ಸದ್ದಿನಲ್ಲಿ, ಎಲ್ಲೂ ತಡವರಿಸದೆ ಏರಿಹೋಯಿತು. ಕಾಲು ಕದಲಲಿಲ್ಲ.

ದಾಕ್ಷಾಯಿಣಿ ಕಾಫಿ ತಂದಳು. "ಏಳೂಕಾಲಿನ ಬಸ್ಸು ಇನ್ನೂ ಬಂದಿಲ್ವಾ?"

"ಹೋಯ್ತು" ಎಂದ ಕಲ್ಲೇಶ. ತೊಡೆಯ ಮೇಲಿನ ಕೈಗಳನ್ನು ಅವನಿನ್ನೂ ತೆಗೆದಿರಲಿಲ್ಲ.