ಒಂದು ಸೀಸೆ ಉಗುಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕಷಾಯಮ್ಮ ಎನ್ನುತ್ತಿದ್ದರು. ಆರು ತಿಂಗಳಿಂದ ಸೀಬೆ ಎಲೆ ಕುದಿಸಿ ಸೋಸುವವಳನ್ನು ಇನ್ನೇನೆನ್ನುತ್ತಾರೆ? ಹಲ್ಲು ಹುಳುಕು ಮಾಡುವ ಬ್ಯಾಕ್ಟೀರಿಯಾಗಳು ಮಹಾ ಕಿಲಾಡಿಗಳು. ತಮ್ಮಲ್ಲಿರುವ ಒಂದು ಕಿಣ್ವದಿಂದ ಸಕ್ಕರೆಯನ್ನು ಗೋಂದು ಮಾಡಿಕೊಂಡು ಹಲ್ಲಿಗೆ ಕಚ್ಚಿಕೊಳ್ಳುತ್ತವೆ. ಸೀಬೆ ಎಲೆಯ ಒಗರು ಆ ಕಿಣ್ವದ ಕೈ ಕಟ್ಟಿಹಾಕುತ್ತದೆಯೇ ಎಂಬುದು ಪರೀಕ್ಷೆ. ಬ್ಯಾಕ್ಟೀರಿಯಾ ಸಾಯಬೇಕಾಗಿಲ್ಲ, ಅಂಟದಿದ್ದರೆ ಸಾಕು.

ಗಾಜಿನ ನಳಿಗೆಗಳ ಒಳಗೆ ಮೊದಲು ಮನುಷ್ಯರ ಉಗುಳು ಸವರಬೇಕು. ಹಲ್ಲಿನ ಮೇಲೂ ಉಗುಳಿನ ಪೊರೆ ಇರುತ್ತದಲ್ಲ. ಆಮೇಲೆ ಎಲ್ಲಕ್ಕೂ ಬ್ಯಾಕ್ಟೀರಿಯಾ, ಸಕ್ಕರೆ; ಅರ್ಧಕ್ಕೆ ಕಷಾಯ, ಉಳಿದರ್ಧಕ್ಕೆ ಬರೀ ನೀರು. ಹೋಲಿಸಿ ನೋಡಲು ನೀರಿನವುಗಳಲ್ಲಿ ಗೋಂದು ಕಟ್ಟಲೇಬೇಕು. ಈ ಸಲ ಅವೂ ತೊಳೆದಿಟ್ಟಂತೆ ಹೊಳೆಯುತ್ತಿದ್ದವು.

"ಉಗುಳು ಯಾರದ್ದು?" ಎಂದರು ಪ್ರಯೋಗಾಲಯ ನಡೆಸುವ ಮೇಡಂ.

"ನನ್ನದೇ."

"ದಿನಕ್ಕೆ ಎಷ್ಟು ಸಲ ಚಹಾ ಕುಡೀತೀಯ?"

ಅವಳ ಮುಖ ಸಪ್ಪಗಾಯಿತು. ಹಾಲಿಲ್ಲದ, ಸಕ್ಕರೆಯಿಲ್ಲದ ಕಡು ಚಹಾ. ಮಾತಾಡಲು ಜನವಿಲ್ಲದಾಗ ಬಾಯಿಗೊಂದು ಕೆಲಸ. ಚಹಾದ ಒಗರೂ ಆ ಕಿಣ್ವಕ್ಕೆ ಅದೇ ಗತಿ ಕಾಣಿಸುತ್ತದೆ ಎಂದು ಹೊಸಬರಿಗೆ ಪಾಠ ಹೇಳಿದವಳೇ ಅವಳು.

"ಇಲ್ಲಿರೋರೆಲ್ಲ ಅದೇ ಕೆಟಲಿನ ಗಿರಾಕಿಗಳು. ನಿಮ್ಮನೇಲಿ ಚಹಾ ಮುಟ್ಟದೋರು ಯಾರಾದ್ರೂ ಇದ್ರೆ ಅವರದ್ದು ತಗೊಂಡು ಬಾ. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಮೇಲಿನೋರು ಈ ಕೆಲಸಾನೇ ನಿಲ್ಲಿಸಿಬಿಡ್ತಾರೆ."

ಮನೆಯಲ್ಲಿರುವುದು ಅವಳೊಬ್ಬಳೇ. ಆದರೂ "ಆಯ್ತು ಮೇಡಂ" ಎಂದಳು.

ಸಂಜೆ ಮಂಚದ ಮೇಲೆ ಕೂತು ಫೋನಿನಲ್ಲಿದ್ದವರನ್ನೆಲ್ಲ ನೋಡಿದಳು: ನಲ್ಲಿ ರಿಪೇರಿಯವನು, ಗ್ಯಾಸಿನವನು, ಅಣ್ಣ. ಅಣ್ಣ ಇರುವುದು ಒಂದು ದಿನದ ಪ್ರಯಾಣದಷ್ಟು ದೂರ. ಊರು ತುಂಬ ಬಾಯಿಗಳಿವೆ, ಸಲಿಗೆಯಿಂದ ಕೇಳಬಹುದಾದ ಒಂದೂ ಇಲ್ಲವಲ್ಲ ಎಂದು ಅಳುವೇ ಬಂತು. ಕೊನೆಗೆ ನಾಚಿಕೆ ಬಿಟ್ಟು ಎದುರು ಬಾಗಿಲು ತಟ್ಟಿದಳು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಏಳು ವರ್ಷದಿಂದ ಮೆಟ್ಟಿಲಲ್ಲಿ ಮುಗುಳ್ನಕ್ಕು ಸರಿದುಹೋಗುತ್ತಿದ್ದ ಮುದುಕಿ ಟೈಲರ್ ಬಾಗಿಲು ತೆರೆದಳು.

"ಅಮ್ಮಾ, ನೀವು ಚಹಾ ಕುಡೀತೀರಾ?"

"ಗ್ಯಾಸ್ಟ್ರಿಕ್ಕು ಕಣಮ್ಮ, ಬಿಟ್ಟು ಹತ್ತು ವರ್ಷ ಆಯ್ತು. ಯಾಕೆ, ಕರೆಯೋಕೆ ಬಂದ್ಯಾ?"

"ಇಲ್ಲ... ನಿಮ್ಮ ಉಗುಳು ಬೇಕಿತ್ತು."

ಮುದುಕಿ ಕಣ್ಣು ಕಣ್ಣು ಬಿಟ್ಟಳು. ವಿಷಯ ಕೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಲ್ಲು ಉಳಿದಿರೋದು ನಾಲ್ಕೇ. ಉಗುಳಿಗೇನೂ ಬರ ಇಲ್ಲ. ಬೆಳಿಗ್ಗೆ ಬಾ."

ಬುಧವಾರ ಬೆಳಿಗ್ಗೆ, ಮುದುಕಿ ಬಾಯಿ ತೊಳೆಯುವ ಮುಂಚೆಯೇ, ಸೀಸೆ ತುಂಬಿತು. ಗುರುವಾರ ನೀರಿನ ನಳಿಗೆಗಳಲ್ಲಿ ಬಿಳಿ ಗೋಂದು ದಪ್ಪಗೆ ಕಟ್ಟಿತ್ತು, ಕಷಾಯದವು ಸ್ವಚ್ಛವಾಗಿದ್ದವು. ಮೇಡಂ ಬೆನ್ನು ತಟ್ಟಿ, "ಗೆದ್ದೆ ಬಿಡು, ಇನ್ನು ಉಗುಳಿನ ಸಹವಾಸ ಸಾಕು" ಎಂದರು. ಖುಷಿ ಹೇಳಿಕೊಳ್ಳಲು ಸಂಜೆ ಅಣ್ಣನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೀಗ ಹಾಕುತ್ತಿದ್ದಾಗ ಎದುರು ಬಾಗಿಲು ತೆರೆಯಿತು.

"ಏನೇ ಹುಡುಗಿ, ಹಾಗೇ ಹೊರಟುಬಿಟ್ಯಲ್ಲ! ನೀನು ಬರ್ತೀಯ ಅಂತ ನಿನ್ನೆನೂ ಕಾದೆ, ಇವತ್ತೂ ಬಾಯಿ ತೊಳೀದೆ ಕೂತಿದ್ದೀನಿ. ಬೇಕೋ ಬೇಡ್ವೋ?"

ಬೇಕಾಗಿರಲಿಲ್ಲ. ಕೆಲಸ ಮುಗಿದಿತ್ತು.

"ಬೇಕು ಅಮ್ಮ," ಎಂದಳು. "ಇರಿ, ಸೀಸೆ ತರ್ತೀನಿ."

ಹಾಕಿದ ಬೀಗವನ್ನು ಮತ್ತೆ ತೆಗೆದಳು.