ಬಟಾಣಿಯ ನೆರಳು

“ನಿಮ್ಮದು ಎಮ್ಮೆ ಚರ್ಮ ಕಣ್ರೇ, ಬಟಾಣಿದು ಹಂಗಲ್ಲ. ಚಪ್ಪರದಿಂದ ಆಚೆ ಸರೀರಿ ಮುಂಡೇರಾ, ನಿಮ್ಮ ಬಿಸಿಯುಸಿರಿಗೇ ಬಾಡೋಗುತ್ತೆ.”

ಬೈದವನು ತೋಟದ ಯಜಮಾನ. ಬೈಸಿಕೊಂಡವರು ನೆಲ ಅಗೆಯುತ್ತಿದ್ದ ಆರು ಹೆಂಗಸರು. ಅವರಲ್ಲಿ ಹಿರಿಯಳು ಕತ್ತರಿಯಮ್ಮ. ನಾಲಿಗೆಯಿಂದ ಬಂದ ಹೆಸರು.

ಬಟಾಣಿ ಚಳಿಗಾಲದ ಬೆಳೆ ಅಂತ ಮೂರು ವರ್ಷದ ಕೂಸಿಗೂ ಗೊತ್ತು. ಆದರೆ ನೆತ್ತಿ ಸುಡುವ ಬೇಸಿಗೆಯಲ್ಲಿ ನಮ್ಮ ತೋಟದ್ದೇ ಹಸಿ ಬಟಾಣಿ ತಿನ್ನಿಸುತ್ತೇನೆ ಎಂದು ಯಜಮಾನ ಬೀಗರ ಮುಂದೆ ಕೊಚ್ಚಿಕೊಂಡಿದ್ದ. ಸರಿ, ಬಳ್ಳಿಗಳಿಗೆ ಹಸಿರು ಪರದೆಯ ಚಪ್ಪರ ಬಂತು, ಬುಡಕ್ಕೆ ಹುಲ್ಲಿನ ಹಾಸಿಗೆ ಬಂತು, ನಡು ಮಧ್ಯಾಹ್ನಕ್ಕೆ ಕೊಡದಲ್ಲಿ ತಣ್ಣೀರು ಬಂತು. ಸ್ವಂತ ಅಳಿಯನಿಗೂ ಆತ ಇಷ್ಟು ಉಪಚಾರ ಮಾಡಿದವನಲ್ಲ. ನೀರು ಹಾಕುವಾಗ ಬಿಟ್ಟರೆ ಹೆಂಗಸರು ಒಳಗೆ ಕಾಲಿಡುವಂತಿಲ್ಲ.

ದಿನಾ ಬೆಳಗ್ಗೆ ಅದೇ ಪಾಠ: ಬಿಸಿಲು ತಾಗಿದರೆ ಹೂ ಉದುರುತ್ತೆ, ಕಾಯಿ ಕಟ್ಟಲ್ಲ, ಬೇರು ತಂಪಾಗಿರಬೇಕು.

ಹೂ ಉದುರುವುದು ಏನೆಂದು ಕತ್ತರಿಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ಬೇಸಿಗೆ ಇದೇ ಬಯಲಲ್ಲಿ ಅವಳ ಸೊಸೆಗೆ ನಾಲ್ಕು ತಿಂಗಳ ಬಸಿರು ಇಳಿದುಹೋಗಿತ್ತು. ಯಜಮಾನ ಆಗ ಅರ್ಧ ದಿನ ರಜೆ ಕೊಟ್ಟು, ಕೊಟ್ಟಿದ್ದನ್ನು ಊರೆಲ್ಲ ಸಾರಿಕೊಂಡು ಬಂದಿದ್ದ. ಈಗ ಸೊಸೆಗೆ ಮತ್ತೆ ಐದು ತಿಂಗಳು ತುಂಬಿತ್ತು. ಮುದುಕಿ ನೀರು ಹಾಕುವ ಕೆಲಸವನ್ನಾದರೂ ಸೊಸೆಗೆ ಕೊಡಿ ಎಂದು ಕೇಳಿದ್ದಕ್ಕೆ, ಬಸಿರು ಅಂದರೆ ಮೈಗಳ್ಳತನದ ಇನ್ನೊಂದು ಹೆಸರು ಎಂದು ನಕ್ಕಿದ್ದ, ಹಲ್ಕಾ.

ಆ ಮಧ್ಯಾಹ್ನ ಸೊಸೆ ಗುದ್ದಲಿ ಊರಿಕೊಂಡು ನಿಂತಲ್ಲೇ ಓಲಾಡಿದಳು. ಕತ್ತರಿಯಮ್ಮ ಅವಳ ರಟ್ಟೆ ಹಿಡಿದು ಸೀದಾ ಚಪ್ಪರದೊಳಗೆ ನಡೆಸಿ, ಬಟಾಣಿ ಸಾಲಿನ ನಡುವೆ ಹುಲ್ಲಿನ ಮೇಲೆ ಕೂರಿಸಿದಳು.

ಯಜಮಾನ ಪಂಚೆ ಎತ್ತಿ ಓಡಿ ಬಂದ. “ಯಾವಳೇ ಅವಳು? ಏಳೇ ಮೇಲೆ, ಅದು ಬಟಾಣಿ ಜಾಗ.”

ಕತ್ತರಿಯಮ್ಮ ಬಟಾಣಿಗೆಂದು ಇಟ್ಟಿದ್ದ ಕೊಡ ಎತ್ತಿ ಸೊಸೆಯ ಪಾದಕ್ಕೆ ನಿಧಾನವಾಗಿ ಸುರಿದಳು.

“ನೀವೇ ಹೇಳಿದ್ದಲ್ವಾ ಸ್ವಾಮಿ, ಬೇರು ತಂಪಾಗಿರ್ಬೇಕು ಅಂತ. ಹೋದ್ಸಲ ಹೂ ಉದುರ್ತು. ಈ ಸಲ ಕಾಯಿ ಕಟ್ಲಿ.”

ಎಲ್ಲರನ್ನೂ ಕೆಲಸದಿಂದ ಕಿತ್ತು ಬಿಸಾಕುತ್ತೇನೆ ಎಂದು ಅವನು ಅರಚಿದ. ಬಯಲಿನಲ್ಲಿದ್ದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗುದ್ದಲಿ ಕೆಳಗಿಟ್ಟು ಒಬ್ಬೊಬ್ಬರಾಗಿ ನೆರಳಿಗೆ ಬಂದು ಕೂತರು. ಚಪ್ಪರ ಚಿಕ್ಕದು; ಯಜಮಾನ ಹಿಂದೆ ಹಿಂದೆ ಸರಿದು ಬಿಸಿಲಲ್ಲಿ ನಿಂತ.

ಮುದುಕಿ ಖಾಲಿ ಕೊಡವನ್ನು ಅವನ ಕಾಲ ಬಳಿ ಇಟ್ಟಳು.

“ನೀರು ಮುಗೀತು. ಇನ್ನೊಂದು ಕೊಡ ತನ್ನಿ.”